ಬ್ರೆಜಿಲನ್ನು ಕೂಗಿ ಕರೆದ ಅತ್ತೆ

ಬದನೆಕಾಯಿಯ ಹುಟ್ಟೂರು ತಿಳಿಯದೆ ನಮ್ಮ ಸೋದರತ್ತೆ ಅದನ್ನು ಚೀಲಕ್ಕೆ ಹಾಕುವುದಿಲ್ಲ ಎಂದರೆ ನೀವು ನಂಬುತ್ತೀರಾ? ನಾರಾಯಣಗೂಡದ ತರಕಾರಿಯವನು ನಂಬುತ್ತಾನೆ. "ಇವು ಎಲ್ಲೀವು?" ಎಂದು ಕೇಳಿದ್ದಕ್ಕೆ ಅವನು "ಈ ಬಂಡಿವೇ ಅಮ್ಮಾ" ಅಂದ. "ಬಂಡಿಯೊಳಗ ಬೆಳೀತಾವೇನು?" ಎಂದು ಅರ್ಧ ಗಂಟೆ ನಿಲ್ಲಿಸಿಕೊಂಡರು.

ಪಾಪ, ಅಭ್ಯಾಸಬಲ. ಮದುವೆ ಗಿದುವೆ ಎನ್ನದೆ ದಿಲ್ಲಿಯ ವಾಣಿಜ್ಯ ಇಲಾಖೆಯಲ್ಲಿ ಕೂತು, ಯಾವ ದೇಶದ ಸರಕಿಗೆ ಎಷ್ಟು ಸುಂಕ ಎಂದು ಪರದೇಶದವರೊಡನೆ ವಾದಿಸುತ್ತಲೇ ಕೂದಲು ನರೆಸಿಕೊಂಡವರು. ಆಮೇಲೆ ಹೈದರಾಬಾದಿಗೆ ಬಂದು ಕಾಲೇಜೊಂದರಲ್ಲಿ ಅಂತರರಾಷ್ಟ್ರೀಯ ಆರ್ಥಿಕ ಕಾನೂನು ಕಲಿಸಿದರು. ತರಗತಿಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಒಂದೊಂದು ದೇಶ ಮಾಡಿ ಜಗಳಕ್ಕೆ ಬಿಡುತ್ತಿದ್ದರು. ಹೆಸರು ಮರೆತರೂ ದೇಶ ಮರೆಯುವವರಲ್ಲ. ಒಮ್ಮೆ ಅಮೀರ್‌ಪೇಟ್ ಮೆಟ್ರೋದಲ್ಲಿ "ಏ ಬ್ರೆಜಿಲ್!" ಎಂದು ಕೂಗಿದರು. ಕಂಕುಳಲ್ಲಿ ಕೂಸು ಹೊತ್ತ ಹೆಂಗಸೊಬ್ಬಳು ತಿರುಗಿ, "ಜೀ ಮೇಡಂ" ಅಂದಳು.

ಅಪ್ಪ ತೀರಿಕೊಂಡ ಮೇಲೆ ನಾನೂ ಅಣ್ಣನೂ ಮಾತು ಬಿಟ್ಟೆವು. ಅಮ್ಮ ನನ್ನ ಮನೆಯಲ್ಲಿರಬೇಕೆಂದು ನಾನು, ಮಾದಾಪುರದ ತನ್ನ ಮನೆಗೆ ಬರಬೇಕೆಂದು ಅವನು. ಒಂದು ಭಾನುವಾರ ಅತ್ತೆ ಅಮ್ಮನನ್ನೂ ನಮ್ಮಿಬ್ಬರನ್ನೂ ತಮ್ಮ ಮನೆಗೆ ಕರೆಸಿ, ನಮ್ಮನ್ನು ಮೇಜಿನ ಆಚೀಚೆ ಕೂರಿಸಿ, ನಡುವೆ ಒಂದು ಬಿಳಿ ಕಾಗದ ಇಟ್ಟರು.

"ಮೊದಲಿಗೆ, ಇಬ್ಬರೂ ಒಪ್ಪೋ ಮಾತು ಒಂದು ಹೇಳ್ರಿ."

"ಅತ್ತಿ, ಆಕಿಗೆ ಹೇಳ್ರಿ, ನನ್ನ ಮನಿಯೊಳಗ ಲಿಫ್ಟ್ ಐತಿ" ಎಂದ ಅಣ್ಣ.

"ಅವಂಗ ಹೇಳ್ರಿ, ನನ್ನದು ಕೆಳಗಿನ ಮನಿ, ಲಿಫ್ಟೇ ಬೇಕಾಗಿಲ್ಲ" ಎಂದೆ ನಾನು.

ಊಟದ ಹೊತ್ತಾದರೂ ಕಾಗದದ ಮೇಲೆ ಒಂದಕ್ಷರ ಮೂಡಲಿಲ್ಲ. ಕೊನೆಗೆ ಅಡುಗೆಮನೆಯಿಂದ ಅಮ್ಮ ಬಂದಳು.

"ನನ್ನ ಯಾರೂ ಕೇಳಲೇ ಇಲ್ಲಲ್ಲ. ನಾ ಅಕ್ಕಾರ ಕೂಡ ಇಲ್ಲೇ ಇರ್ತೀನಿ."

"ನನ್ನ ಕೂಡ?" ಎಂದರು ಅತ್ತೆ.

"ಹೂಂರಿ. ಭಾಳ ವರ್ಷ ಒಬ್ಬರೇ ಕೂತು ಉಂಡೀರಿ. ಈಗ ನಾನೂ ಹಂಗಽ ಆಗೀನಿ."

ಅತ್ತೆ ಎದ್ದು ಒಳಕೋಣೆಗೆ ಹೋಗಿ, ಮಂಚದ ತುಂಬ ಪೇರಿಸಿದ್ದ ಕಾನೂನು ಪುಸ್ತಕಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದರು. ನಾನು ಹೋಗಿ ಒಂದು ಕಟ್ಟು ಎತ್ತಿಕೊಂಡೆ.

ಹಿಂದೆ ಬಂದ ಅಣ್ಣ ಅದರ ಇನ್ನೊಂದು ತುದಿ ಹಿಡಿದು, ನನ್ನ ಮುಖ ನೋಡಿ, "ಹಗೂರಕ, ಭಾರ ಐತಿ" ಅಂದ.