ಟೀ ಕುಡಿದು ಬರುವಷ್ಟರಲ್ಲಿ

ಸೌಹಾರ್ದ ಸಹಕಾರಿ ಸಂಘದ ಕುಣಿಗಲ್ ಶಾಖೆಯ ಗುಮಾಸ್ತ ಮಲ್ಲಿಕಾರ್ಜುನ್ ಒಂದು ಸ್ಕ್ರಿಪ್ಟ್ ಬರೆದಿದ್ದೇ ತಪ್ಪಾಯಿತು. ಸ್ಕ್ರಿಪ್ಟ್ ಎಂದರೆ ಸಿನಿಮಾದ್ದಲ್ಲ, ಕಂಪ್ಯೂಟರಿಗೆ ಬರೆದಿಟ್ಟ ಅಪ್ಪಣೆ. ಬ್ರೌಸರ್ ತಾನೇ ತೆರೆದುಕೊಳ್ಳುತ್ತಿತ್ತು, ಸದಸ್ಯರ ವಿವರಗಳು ತಾವೇ ವೆಬ್‌ಸೈಟಿಗೆ ಹೋಗಿ ಕೂರುತ್ತಿದ್ದವು. ಬೆಳಿಗ್ಗೆ ಅದನ್ನು ಶುರು ಮಾಡಿ ಟೀಗೆ ಹೊರಟರೆ, ದೇಶದ ರಾಜಕೀಯವನ್ನೆಲ್ಲ ಸರಿಪಡಿಸಿ ಹಿಂದಿರುಗುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಸುದ್ದಿ ತುಮಕೂರಿನ ಹೆಡ್ ಆಫೀಸಿಗೆ ಮುಟ್ಟಿತು. "ಗುಬ್ಬಿ ಬ್ರಾಂಚಲ್ಲೂ ಓಡಿಸಿ ತೋರ್ಸಪ್ಪಾ. ಓಡಿದ್ರೆ ಇಲ್ಲಿ ಕಂಪ್ಯೂಟರ್ ಇನ್‌ಚಾರ್ಜ್ ಸೀಟು ನಿಂದೇ," ಎಂದರು ಕಾರ್ಯದರ್ಶಿ ಚನ್ನವೀರಯ್ಯ. ಮಲ್ಲಿಕಾರ್ಜುನನ ಹೆಂಡತಿ ರೂಪಶ್ರೀ ಆ ವಾರವೇ ತುಮಕೂರಿನಲ್ಲಿ ಬಾಡಿಗೆ ಮನೆ ನೋಡಿ, ದೇವರಮನೆ ಪೂರ್ವಕ್ಕಿದೆ ಎಂದು ಕುಣಿಗಲ್ ಆಫೀಸಿನವರಿಗೆಲ್ಲ ವರ್ಣಿಸಿಯೂ ಆಯಿತು.

ಗುಬ್ಬಿಯಲ್ಲಿ ಸ್ಕ್ರಿಪ್ಟ್ ಜೋರಾಗಿಯೇ ಹೊರಟಿತು. ನಾಲ್ಕಾರು ಹೆಸರು ತುಂಬಿ ನಿಂತಿತು. "ಮುಂದುವರಿಸಬೇಕೆ?" ಎಂಬ ಪುಟ್ಟ ಪೆಟ್ಟಿಗೆಯೊಂದು ಹಠ ಹಿಡಿದ ಮಗುವಿನ ಹಾಗೆ ಪರದೆಯ ನಡುವೆ ಕುಳಿತಿತ್ತು.

"ನಮ್ ಕುಣಿಗಲ್ ಸಿಸ್ಟಮ್ಮಲ್ಲಿ ಇದು ಬರೋದೇ ಇಲ್ಲ. ನಿಮ್ದರಲ್ಲೇ ಏನೋ ಐಬಿದೆ ಸಾರ್," ಎಂದ ಮಲ್ಲಿಕಾರ್ಜುನ್.

ಶಾಖೆಯ ಮ್ಯಾನೇಜರ್ ವೆಂಕಟರಂಗಯ್ಯನವರಿಗೆ ಮನೆಮಗಳನ್ನೇ ಆಡಿಕೊಂಡಷ್ಟು ಸಿಟ್ಟು ಬಂತು. "ನೀವು ಬರೋಗಂಟ ಚೆನ್ನಾಗೇ ಇತ್ತು ಕಣ್ರೀ! ಆಫ್ ಮಾಡಿ ಆನ್ ಮಾಡ್ರಿ."

ಮಾಡಿದ. ಬ್ರೌಸರ್ ತೆಗೆದು ಹೊಸದು ಹಾಕಿದ. ಆಂಟಿವೈರಸ್ ನಿಲ್ಲಿಸಿದ. ತನ್ನ ಮೊಬೈಲಿನ ನೆಟ್ಟನ್ನೇ ಕೊಟ್ಟ. ಪೆಟ್ಟಿಗೆ ಮತ್ತೆ ಬಂತು.

"ಆಯುಧಪೂಜೇಲಿ ಇದುಕ್ಕೆ ಬೂದುಗುಂಬಳ ಒಡೀಲಿಲ್ಲ ಸಾ. ನಿಂಬೆಹಣ್ಣಲ್ಲೇ ಮುಗಿಸ್ಬುಟ್ರು," ಎಂದು ಅಟೆಂಡರ್ ಯಲ್ಲಯ್ಯ ಮ್ಯಾನೇಜರ್ ಕಡೆ ನೋಡಿದ. "ಹೋಗ್ಲಿ, ಸುಮ್ನೆ ಓಕೆ ಒತ್ತುಬುಡಿ."

"ನಾವೇ ಒತ್ತಿದ್ರೆ ಅದನ್ನ ಆಟೋಮ್ಯಾಟಿಕ್ ಅಂತಾರೇನಯ್ಯ?" ಮಲ್ಲಿಕಾರ್ಜುನ್ ರೇಗಿದ.

ಅಷ್ಟರಲ್ಲಿ ಚನ್ನವೀರಯ್ಯನವರ ಕಾರು ಬಂದೇಬಿಟ್ಟಿತು. ಮಲ್ಲಿಕಾರ್ಜುನನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕುಣಿಗಲ್‌ನಲ್ಲಿ ತನ್ನ ಪಕ್ಕದ ಸೀಟಿನ ಆಶಾರಾಣಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಮೇಡಂ, ನಮ್ಮಲ್ಲಿ ಯಾವತ್ತಾದ್ರೂ 'ಮುಂದುವರಿಸಬೇಕೆ' ಅಂತ ಬಂದಿದ್ಯಾ? ಸೆಕ್ರೆಟರಿ ಸಾಹೇಬ್ರು ಕೇಳಿಸ್ಕೊತಿದಾರೆ, ನಿಜ ಹೇಳಿ."

"ಅಯ್ಯೋ, ದಿನಾ ಬರುತ್ತಲ್ಲ ಸಾರ್! ನೀವು ಟೀಗೆ ಹೋಗಿರ್ತೀರ. ಪಾಪ, ನಿಮ್ ಕೆಲ್ಸ ನಿಂತೋಗುತ್ತಲ್ಲ ಅಂತ ನಾನೇ ಓಕೆ ಒತ್ತುತಾ ಕೂತಿರ್ತೀನಿ."

ಯಲ್ಲಯ್ಯ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ.

"ಅಂದ್ರೆ ಓಡಿಸ್ತಿದ್ದೋರು ಆವಮ್ಮ," ಎಂದರು ಚನ್ನವೀರಯ್ಯ. "ಇನ್‌ಚಾರ್ಜ್ ಸೀಟು ಅವ್ರಿಗೇ ನ್ಯಾಯ."

"ಸಾರ್, ಒತ್ತೋದನ್ನೂ ಸ್ಕ್ರಿಪ್ಟಿಗೇ ಕಲಿಸ್ತೀನಿ!"

"ಕಲಿಸಪ್ಪಾ. ಅದು ಕಲಿಯೋಗಂಟ ಗುಬ್ಬೀಲೇ ಇದ್ದು ನೀನೇ ಒತ್ತು."

ಸಂಜೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ, ರೂಪಶ್ರೀಗೆ ಹೇಗೆ ಹೇಳುವುದೆಂದು ಮಲ್ಲಿಕಾರ್ಜುನ್ ಒದ್ದಾಡುತ್ತಿದ್ದಾಗ ಫೋನ್ ಬಂತು. ಆಶಾರಾಣಿ.

"ಥ್ಯಾಂಕ್ಸ್ ಸಾರ್, ಆರ್ಡರ್ ಬಂತು! ನಿಮ್ ಮಿಸೆಸ್ಸು ತುಮಕೂರಲ್ಲಿ ಒಂದು ಮನೆ ನೋಡಿದ್ರಲ್ಲ, ದೇವರಮನೆ ಪೂರ್ವಕ್ಕಿದೆ ಅಂತ... ಓನರ್ ನಂಬರ್ ಕಳಿಸ್ತೀರಾ?"