ತವರಿಗೆ ಬಂದ ಗೌರಿಯ ಸಬ್ಬಸಿಗೆ ಪಲ್ಯ

ನಲಿನಿ: ನಾ ಹೇಳೂದು ಹೇಳೀನಿ. ಗೌರಿಗೆ ಹಾಲು ಸಕ್ರಿ ನೈವೇದ್ಯ ಮಾಡೂದು, ಮೂರೂ ಮಂದಿ ಹೊಸಾ ಹೊಟೇಲಿಗೆ ಹೋಗಿ ಹಬ್ಬದ ಥಾಳಿ ಉಣ್ಣೂದು. ಇವತ್ತು ನಾ ಒಲಿ ಹಚ್ಚೂದಿಲ್ಲ.

ಮಧುಕರರಾವ್: ಥಾಳಿ ಅಂತ ಥಾಳಿ! ಅದರಾಗ ಏನದ ಗೊತ್ತೇನು ನಿನಗ? ಮೋದಕದಾಗ ಚಾಕಲೇಟು ತುಂಬ್ಯಾರ. ಹೋಳಿಗಿ ಮ್ಯಾಲ ಚೀಸ್ ತುರದಾರ. ಗಣಪತಿ ನೋಡಿದ್ರ ಇಲಿ ಅಲ್ಲೇ ಬಿಟ್ಟು ಓಡಿಹೋದಾನು!

ಕರಾಡದ ನಮ್ಮ ಓಣಿಯಲ್ಲಿ ಗಿಜರೆಯವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಈ ಗಂಡ ಹೆಂಡಿರ ಜಗಳ ಕೇಳಲು ಅವತ್ತು ಆ ಗೋಡೆಯ ಅಡ್ಡಿಯೂ ನನಗಿರಲಿಲ್ಲ. ಆರತಿ ತಟ್ಟೆ ವಾಪಸು ಕೊಡಲು ಹೋದವನು ಅಲ್ಲೇ ಕುರ್ಚಿ ಹಿಡಿದಿದ್ದೆ. ಗಣಪತಿ ಬಂದು ಕೂತಾಗಿತ್ತು, ಸಂಜೆ ಗೌರಿ ಮನೆಗೆ ಬರುವವಳು. ಬಂದ ದಿನ ಅವಳಿಗೆ ಸಬ್ಬಸಿಗೆ ಪಲ್ಯ, ಭಕ್ರಿ ಎಂಬ ಜೋಳದ ರೊಟ್ಟಿ. ಹೋಳಿಗೆ ಗೀಳಿಗೆ ಎಲ್ಲ ಮರುದಿನ. ಈ ಸಾದಾ ಊಟದ ಮೇಲೆ ರಾಯರಿಗೆ ಪ್ರಾಣ. ಆದರೆ ಅದನ್ನು ಮಾಡುವವರು ನಲಿನಿತಾಯಿ. ಈ ಸಂಗತಿ ಇಷ್ಟು ವರ್ಷಗಳಲ್ಲಿ ರಾಯರ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮಧುಕರರಾವ್: ಅಲ್ಲ, ಎರಡು ಭಕ್ರಿ, ಒಂದು ಹಿಡಿ ಸೊಪ್ಪು. ಅಷ್ಟಕ್ಕೂ ಬ್ಯಾಸರಾ?

ನಲಿನಿ: ಗೌರಿ ಇಲ್ಲಿಗೆ ಯಾಕ ಬರ್ತಾಳ?

ಮಧುಕರರಾವ್: ಯಾಕಂದ್ರ? ತವರಮನಿ ಅಂತ ಬರ್ತಾಳ. ಮೂರು ದಿನ ಆರಾಮ ಇದ್ದು ಹೋಗ್ತಾಳ.

ನಲಿನಿ: ಬಂದು ಒಲಿ ಮುಂದ ಕೂಡ್ತಾಳೇನು?

ಮಧುಕರರಾವ್: ಎಂಥಾ ಮಾತು! ತವರಿಗೆ ಬಂದ ಮಗಳ ಕೈಲೆ ಯಾರರ ಕೆಲಸಾ ಮಾಡಿಸ್ತಾರೇನು?

ನಲಿನಿ: ಮತ್ತ ನಾ ಯಾವಾಗ ತವರಿಗೆ ಹೋಗೂದು? ಗೌರಿ ಬರೂ ದಿವಸನ ನಾ ಇಲ್ಲಿ ಭಕ್ರಿ ಬಡೀಬೇಕು. ನಮ್ಮವ್ವ ಇರೂತನಕ ದಾರಿ ನೋಡಿ ನೋಡಿ ಸಾಕಾದ್ಲು. ಈಗ ಅಲ್ಲಿ ಕರಿಯೋರೂ ಇಲ್ಲ.

ರಾಯರು ನನ್ನ ಕಡೆ ನೋಡಿದರು. ನಾನು ಆರತಿ ತಟ್ಟೆಯನ್ನು ನೋಡಿದೆ.

ಮಧುಕರರಾವ್: ಅಂದ್ರ... ಚೀಸ್ ಹೋಳಿಗಿ ನಿನಗ ಅಷ್ಟು ಸೇರ್ತದೇನು?

ನಲಿನಿ: ಅಯ್ಯ, ಸುಡ್ಲಿ ಅದು! ನನಗೂ ಸಬ್ಬಸಗಿ ಪಲ್ಯಾನ ಸೇರ್ತದ. ಬ್ಯಾರೆಯವರು ಮಾಡಿ ಬಡಿಸಿದ್ದು ಉಣಬೇಕು, ಅಷ್ಟ. ಅದು ಹೊಟೇಲಿನ್ಯಾಗ ಮಾತ್ರ ಸಿಗ್ತದ.

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ರಾಯರ ತಾಯಿ ಈಗ ತಲೆ ಎತ್ತಿದರು. ಅವರಿಗೆ ಮನೆಯಲ್ಲೂ ಓಣಿಯಲ್ಲೂ ಆಯಿ ಎಂದೇ ಹೆಸರು.

ಆಯಿ: ಮಧೂ, ಏಳು.

ಮಧುಕರರಾವ್: ಎಲ್ಲಿಗೆ?

ಆಯಿ: ಅಡಗಿಮನಿಗೆ. ಎಡಕ್ಕ ಅದ. ಎಂದರ ನೋಡೀಯೇನು?

ಅಂತೂ ರಾಯರು ಒಳಗೆ ಹೋದರು. ನಲಿನಿತಾಯಿ ಹೊರಗೆ ಕಾಲು ಚಾಚಿ ಕೂತರು.

ಮಧುಕರರಾವ್ (ಒಳಗಿಂದ): ನಲಿನೀ, ಭಕ್ರಿ ಯಾಕ ಹರೀತದ?

ನಲಿನಿ: ಬಿಸಿನೀರಾಗ ನಾದ್ರಿ!

ಮಧುಕರರಾವ್: ಗುಂಡಗ ಆಗವಲ್ದು!

ಆಯಿ: ಗೌರಿ ಅದನ್ನ ಉರುಳಿಸಿ ಆಡೂದಿಲ್ಲೋ, ಉಣ್ತಾಳ!

ಮಧುಕರರಾವ್: ಪಲ್ಯಾಕ್ಕ ಉಪ್ಪು ಬಿತ್ತೋ ಇಲ್ಲೋ ತಿಳೀವಲ್ದು. ಒಂಚೂರು ರುಚಿ ನೋಡ್ಲೇನು?

"ಕೈ ಹಚ್ಚಬ್ಯಾಡ!" ಎಂದು ಅತ್ತೆ, "ಕೈ ಹಚ್ಚಬ್ಯಾಡ್ರಿ!" ಎಂದು ಸೊಸೆ, ಇಬ್ಬರೂ ಒಟ್ಟಿಗೇ ಚೀರಿದರು.

ನೈವೇದ್ಯಕ್ಕಿಟ್ಟದ್ದನ್ನು ದೇವರಿಗಿಂತ ಮೊದಲು ನಾಲಿಗೆಗೆ ಹಚ್ಚುವಂತಿಲ್ಲ. ರಾಯರು ಹೆದರಿ ಇನ್ನೊಂದು ಚಮಚ ಉಪ್ಪು ಹಾಕಿ ಹೂ ಕೊಯ್ಯಲು ಹಿತ್ತಲಿಗೆ ಹೋದರು. ಗಂಡಸು ಉಪ್ಪು ಮರೆತೇ ಇರುತ್ತಾನೆಂದು ಆಯಿ ಮೆಲ್ಲನೆ ಎದ್ದು ತಮ್ಮ ಪಾಲು ಹಾಕಿ ಬಂದರು. ಆಮೇಲೆ ನಲಿನಿತಾಯಿ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದರು. ಉಪ್ಪಿನ ಡಬ್ಬಿಯ ಮುಚ್ಚಳದ ಸದ್ದು ನನಗೆ ಕೇಳಿಸಿತು. ಇನ್ನೊಬ್ಬರ ಮನೆಯ ಉಪ್ಪಿನ ವಿಚಾರ ನನಗೇಕೆಂದು ಸುಮ್ಮನಿದ್ದೆ. ಊಟಕ್ಕೆ ನನ್ನನ್ನೂ ಕೂರಿಸುತ್ತಾರೆಂದು ಆಗ ಗೊತ್ತಿರಲಿಲ್ಲ.

ಸಂಜೆ ಕುಂಕುಮದ ಹೆಜ್ಜೆಗಳ ಮೇಲೆ ಗೌರಿ ನಲಿನಿತಾಯಿಯ ಕೈಯಲ್ಲಿ ಒಳಗೆ ಬಂದಳು. ನೈವೇದ್ಯವಾಯಿತು. ರಾಯರು ನಲಿನಿತಾಯಿಗೆ ಮಣೆ ಹಾಕಿ, ಭಾರತದ ನಕಾಶೆಯಂಥ ಭಕ್ರಿ ಬಡಿಸಿದರು.

ಮಧುಕರರಾವ್: ಹೆಂಗದ?

ಆಯಿ ನೀರಿನ ಲೋಟಕ್ಕೆ ಕೈ ಚಾಚಿದರು. ಅದನ್ನು ನಾನಾಗಲೇ ಎತ್ತಿಕೊಂಡಿದ್ದೆ. ನಲಿನಿತಾಯಿಯ ಕಣ್ಣುಗಳು ತುಂಬಿದ್ದವು.

ಮಧುಕರರಾವ್: ಖಾರ ಆತೇನು?

ನಲಿನಿ: ಇಲ್ಲ. ಇನ್ನೊಂದು ಭಕ್ರಿ ಹಾಕ್ರಿ.

ಮಧುಕರರಾವ್: ಅಷ್ಟು ಛಲೋ ಆಗ್ಯದ?

ನಲಿನಿ: ಪಲ್ಯ ಬಾಯಾಗ ಇಡಲಿಕ್ಕೆ ಬರೂಹಂಗಿಲ್ಲ, ಉಪ್ಪು ಉಪ್ಪು. ಆದ್ರ ಬಿಸಿ ಭಕ್ರಿ, ನಾ ಕೂತಲ್ಲಿಗೇ ಬಂತಲ್ರಿ. ನಮ್ಮವ್ವ ಹೋದ ಮ್ಯಾಲ ಇದ ಮೊದಲ ಸಲ.

ಆಯಿ: ಗೌರಿ ಒಂದು ಮಾತೂ ಆಡಲಿಲ್ಲ, ಪಾಪ. ಆಕಿ ಮಗ್ಗಲಕ ಒಂದು ತಂಬಗಿ ನೀರಿಡೋ ಮಧೂ.

ಮಧುಕರರಾವ್ (ಉಬ್ಬಿಹೋಗಿ): ಏನ ಅನ್ರಿ, ಸಾದಾ ಊಟದ ಗಮ್ಮತ್ತ ಬ್ಯಾರೆ! ಇನ್ನ ನಾಳೆ ನಲಿನಿ ಹೋಳಿಗಿ ಮಾಡ್ತಾಳ...

ನಲಿನಿ: ಗೌರಿ ತವರಿನ್ಯಾಗ ಎಷ್ಟು ದಿನ ಇರ್ತಾಳ ಅಂದ್ರಿ?

ಮಧುಕರರಾವ್: ಮೂರು...

ನಲಿನಿ: ನಾನೂ ಅಷ್ಟ.

ಕೈ ತೊಳೆಯಲು ನಾನು ಹಿತ್ತಲಿಗೆ ಹೋದಾಗ ತುಳಸಿಕಟ್ಟೆಯ ಹಿಂದೆ ರಾಯರು ಫೋನಿನಲ್ಲಿ ಪಿಸುಗುಟ್ಟುತ್ತಿದ್ದರು.

ಮಧುಕರರಾವ್: ಹೊಟೇಲೇನ್ರೀ? ನಾಳಿಗೆ ಹೋಳಿಗಿ ಬೇಕಾಗಿತ್ತು... ಹೂಂ, ಚೀಸ್ ಇದ್ರೂ ನಡೀತದ, ಕೆರದು ತಗೀತೀನಿ...

ಆಯಿ (ಕಿಟಕಿಯಿಂದ): ಮಧೂ, ಫೋನ್ ಇಡು! ನೈವೇದ್ಯಕ್ಕ ಹೊರಗಿಂದು ನಡಿಯೂದಿಲ್ಲ. ಒಳಗ ಬಂದು ಕಡ್ಲಿಬ್ಯಾಳಿ ಆರಸು. ಮತ್ತ ಈ ಸಲ ಬೆಲ್ಲ ಯಾರು ಹಾಕೂದು ಅಂತ ಮೂರೂ ಮಂದಿ ಮೊದಲ ಮಾತಾಡ್ಕೊಳ್ಳೂಣು!