ಗೇಮಿನ ಅಂಗಡಿಗೆ ಬಂದ ಸಂಶೋಧನೆ

ನಗೆಯ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ನಾನು ಹೋದಲ್ಲೆಲ್ಲ ಅವೇ ಮೊದಲು ಹೋಗಿ, ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಜಾಗ ಹಿಡಿದು ಕೂತಿರುತ್ತವೆ. ಆರನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಮೀರಜಿನಲ್ಲಿ ಹೋಟೆಲ್ ಕೆಲಸ, ಲಾರಿಯಲ್ಲಿ ಕ್ಲೀನರ್, ಗೋವೆಯಲ್ಲಿ ಬಲೂನು ಮಾರಾಟ, ಹೀಗೆ ಒಂದೂರಿನಲ್ಲಿ ಎರಡು ದೀಪಾವಳಿ ಕಂಡವನಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಹಳೇ ಟಿವಿ, ಅದಕ್ಕೆ ಹಚ್ಚುವ ವಿಡಿಯೋ ಗೇಮಿನ ಡಬ್ಬಿ ಕೈಗೆ ಸಿಕ್ಕವು. ಗಡಿಯಲ್ಲಿ ಜತ್ತಿನ ಹತ್ತಿರದ ಹಳ್ಳಿ ಮುಚ್ಚಂಡಿಯಲ್ಲಿ ಬಸ್ ನಿಲ್ಲುವ ಜಾಗದ ಎದುರಿಗೆ ತಗಡಿನ ಶೆಡ್ ಹಾಕಿ ಕೂತೆ. ಕಾಲಿಗೆ ಚಕ್ರ ಕಟ್ಟಿಕೊಂಡವನು ಐದು ವರ್ಷ ಅಲ್ಲೇ ನಿಂತೆ ಅಂದರೆ ನನಗೇ ನಂಬಿಕೆ ಬರುವುದಿಲ್ಲ. ಲೋಕ ಸುತ್ತುವ ಕೆಲಸವೇ ಉಳಿದಿರಲಿಲ್ಲ. ಲೋಕವೇ ಬಂದು ನನ್ನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿತ್ತು.

ಸಂಜೆ ಸಾಲಿ ಬಿಡುವವರೆಗೆ ಹುಡುಗರನ್ನು ಒಳಗೆ ಸೇರಿಸುವುದಿಲ್ಲ ಎಂದು ಊರ ಹಿರಿಯರಿಗೆ ಮಾತು ಕೊಟ್ಟಿದ್ದೆ. ಹೀಗಾಗಿ ಹಗಲೆಲ್ಲ ದೊಡ್ಡವರದೇ ಆಟ. ಮಾತು ತಗೊಂಡ ಹಿರಿಯರೇ ಮೊದಲ ಗಿರಾಕಿಗಳು.

ತಪಾಸಣೆ

ಎರಡು ಸಾವಿರ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಒಂದು ಮಧ್ಯಾಹ್ನ ಕಣ್ಣಿಗೆ ಚಷ್ಮಾ, ಬಗಲಲ್ಲಿ ದಪ್ಪ ವಹಿ, ಕೈಯಲ್ಲಿ ಪೆನ್ನು ಹಿಡಿದ ಮ್ಯಾಡಮ್ ಒಬ್ಬರು ಬಾಗಿಲಲ್ಲಿ ನಿಂತರು. ಒಳಗೆ ಆಡುತ್ತಿದ್ದವನು ಬಸ್ಸಿನ ಕಂಡಕ್ಟರ್. ಅವನ ಬಸ್ಸು ಎದುರಿಗೇ ನಿಂತಿತ್ತು, ಬಸ್ಸಿನ ತುಂಬ ಮಂದಿ ಕೂತಿದ್ದರು. ವಹಿ ಕಂಡದ್ದೇ ತಡ, ಅವನು ಗೇಮಿನ ರಿಮೋಟ್ ಕೈಯಲ್ಲಿ ಹಿಡಿದೇ ಎದ್ದು ನಿಂತ.

"ಬಸ್ ಕೆಟ್ಟೈತ್ರಿ ಮ್ಯಾಡಮ್. ಅದರ ಸಾಮಾನ ಹುಡುಕಾಕ ಬಂದೀನ್ರಿ."

ಹೊರಗೆ ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ.

"ನಾನು ತಪಾಸಣೆಗೆ ಬಂದವಳಲ್ಲ ಭಾವು," ಎಂದು ಅವನನ್ನು ಅಣ್ಣಾ ಅಂದಂತೆ ಕರೆದು ಮ್ಯಾಡಮ್ ಮರಾಠಿಯಲ್ಲಿ ನಕ್ಕರು. "ಪುಣೆಯ ಕಾಲೇಜಿನಿಂದ ಬಂದಿದ್ದೇನೆ. ವಿಡಿಯೋ ಗೇಮಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ."

ಮರಾಠಿ ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ, ತಿಳಿಯಿತು ಕೂಡ. ಆದರೆ ಒಬ್ಬರೂ ನಂಬಲಿಲ್ಲ. ಅವರೇ ಕೂತು ಬಿಡಿಸಿ ಹೇಳಿದರು. ಕಾಲೇಜಿನಲ್ಲಿ ಅವರ ಮೇಲೆ ಒಬ್ಬರು ದೊಡ್ಡ ಸರ್ ಇದ್ದಾರೆ. ಅವರ ಸಹಿ ಇಲ್ಲದೆ ಮುಂದೆ ಹೆಜ್ಜೆ ಇಡುವ ಹಾಗಿಲ್ಲ. ಆ ಸರ್ ಹೇಳಿದ್ದು ಇಷ್ಟು: "ಯಂತ್ರ ಪರದೇಶದ್ದು, ಆಟ ಪರದೇಶದ್ದು. ಹಳ್ಳಿಯ ಮಂದಿ ಬರೀ ಗುಂಡಿ ಒತ್ತುತ್ತಾರೆ. ಅದರಲ್ಲಿ ಅವರ ಸಂಸ್ಕೃತಿ ಏನಿದೆ? ದೀಪಾವಳಿಯೊಳಗೆ ಒಂದಾದರೂ ತೋರಿಸು. ಇಲ್ಲವಾದರೆ ಈ ವಿಷಯ ಬಿಡು, ಉಳ್ಳಾಗಡ್ಡಿ ಮಾರ್ಕೆಟ್ಟಿನ ಮೇಲೆ ಬರಿ."

"ಉಳ್ಳಾಗಡ್ಡಿ ಮೇಲೆ ಬರೆಯಲು ನನಗೆ ಮನಸ್ಸಿಲ್ಲ ಭಾವು," ಎಂದರು ಮ್ಯಾಡಮ್. ಮುಖ ನೋಡಿದರೆ ಈಗಲೇ ಉಳ್ಳಾಗಡ್ಡಿ ಹೆಚ್ಚಿದವರ ಹಾಗೆ ಕಾಣುತ್ತಿದ್ದರು.

ಆಟದ ಹುಚ್ಚಿಗೆ ನಾನು ಸಾಲಿ ಬಿಟ್ಟೆ. ಆಟದ ಹುಚ್ಚಿಗೆ ಈಕೆ ಇಷ್ಟು ದೊಡ್ಡ ಸಾಲಿ ಓದುತ್ತಿದ್ದಾಳೆ. ನಾವಿಬ್ಬರೂ ಒಂದೇ ಕುಲದವರು. "ಚಿಂತಿ ಮಾಡಬ್ಯಾಡ್ರಿ, ಸಂಸ್ಕೃತಿ ಎಷ್ಟ ಬೇಕ ಅಷ್ಟ ತಗಿಸಿಕೊಡ್ತೀನಿ," ಅಂದೆ.

ಕಂಡಕ್ಟರ್ ಇನ್ನೂ ಅಲ್ಲೇ ನಿಂತು ಕೇಳುತ್ತಿದ್ದ. ಹಾರ್ನ್ ಅವನ ಕಿವಿಗೆ ಬಿದ್ದಿರಲಿಲ್ಲ.

"ಮ್ಯಾಡಮ್, ಈ ಗೇಮಿಗೆ ಪಿಎಚ್‌ಡಿ ಕೊಡ್ತಾರಂದ್ರ ನನಗ ಈಗಾಗಲೇ ಎರಡು ಬರಬೇಕಲ್ರಿ!"

ಇಜಾರ

ಮ್ಯಾಡಮ್ ಜತ್ತಿನಲ್ಲಿ ಖೋಲಿ ಹಿಡಿದು ದಿನಾ ಬರತೊಡಗಿದರು. ಅವರ ಹತ್ತಿರ ಪ್ರಶ್ನೆಗಳ ಒಂದು ಕಟ್ಟು ಇತ್ತು. ಅವರೊಡನೆ ನಮ್ಮ ಮಾತೂ ಮರಾಠಿಯಲ್ಲೇ, ಇಲ್ಲಿ ನಮ್ಮ ಭಾಷೆಗೆ ತಿರುವಿ ಹೇಳುತ್ತಿದ್ದೇನೆ. ಮೊದಲು ಕೂಡಿಸಿದ್ದು ನಮ್ಮ ದರ್ಜಿ ಚಾಚಾನನ್ನು. ಬಾಜೂಕ್ಕೇ ಅವನ ಮಷೀನು. ಹೊಲಿಗೆ ನಿಂತಾಗಲೆಲ್ಲ ಬಂದು ಆಡುತ್ತಿದ್ದ, ಆಡುವಾಗೆಲ್ಲ ಹೊಲಿಗೆ ನಿಂತಿರುತ್ತಿತ್ತು.

"ಆಟದಲ್ಲಿ ಓಡುವ ಆ ನಾಯಕನನ್ನು ನೋಡಿದರೆ ನಿಮಗೆ ಏನು ಅನ್ನಿಸುತ್ತದೆ?" ಎಂದು ಮ್ಯಾಡಮ್ ಕೇಳಿದರು.

ಚಾಚಾ ಕೊರಳಿನ ಟೇಪು ಸರಿ ಮಾಡಿಕೊಂಡ. "ಭಾಳ ಬ್ಯಾಸರಾಗ್ತೈತಿ ಬೇಟಿ."

ಮ್ಯಾಡಮ್ ಪೆನ್ನು ಚುರುಕಾಯಿತು. "ಯಾಕೆ? ಅವನು ಒಬ್ಬಂಟಿ ಅಂತಲೋ?"

"ಅವನ ಇಜಾರ ನೋಡ್ರಿ. ಇಷ್ಟು ಹಾರೂ ಮನಷ್ಯಾಗ ತೊಡಿ ಹಂತ್ಯಾಕ ಇಷ್ಟು ಬಿಗಿ ಇಡ್ತಾರ? ಯಾ ದರ್ಜಿ ಹೊಲದಾನೋ, ತೋಬಾ! ಒಂದೊಂದು ಗ್ವಾಡಿ ಹಾರಿದಾಗೂ ನನ್ನ ಜೀವ ಹೌಹಾರತೈತಿ."

"ಗೆದ್ದಾಗ ಸಂತೋಷ ಆಗುವುದಿಲ್ಲವೆ?"

"ಗೆದ್ದು ಏನ ಮಾಡ್ತಾನ್ರಿ? ಆ ಕಡೆ ರಾಣಿ ನಿಂತಿರ್ತಾಳ. ಆಕಿ ಮುಂದನ ಹರೀತಂದ್ರ?"

ಮ್ಯಾಡಮ್ ಅಷ್ಟನ್ನೂ ಬರೆದು ಪುಣೆಗೆ ಕಳಿಸಿದರು. ಎಂಟು ದಿನಕ್ಕೆ ಸರ್ ಉತ್ತರ ಬಂತು: "ಇದು ದರ್ಜಿಯ ಸಂಸ್ಕೃತಿ. ಆಟದ್ದಲ್ಲ. ಬೇರೆ ತಾ." ಸುದ್ದಿ ಕೇಳಿ ಚಾಚಾ ಸಿಟ್ಟಾಗಲಿಲ್ಲ. "ನಿಮ್ಮ ಸರ್ ಪ್ಯಾಂಟ್ ಹೆಂಗದಾವ, ಒಮ್ಮಿ ಕರಕೊಂಡ ಬರ್ರಿ," ಅಂದ.

ಎತ್ತಿನ ರಜಾ

ಸೋನ್ಯಾಳದ ಒಬ್ಬ ಮುತ್ಯಾ ಮಗಳ ಮನೆಗೆಂದು ಮುಚ್ಚಂಡಿಗೆ ಬಂದು ಉಳಿದಿದ್ದ. ಹಣೆ ತುಂಬ ಇಬತ್ತಿ, ತಲೆಗೆ ರುಮಾಲು. ಮೊದಲ ದಿನ ಬರೀ ನೆರಳಿಗೆ ಅಂತ ಒಳಗೆ ಬಂದ. ಮೂರನೇ ದಿನಕ್ಕೆ ರಿಮೋಟ್ ಹಿಡಿದ. ಅವನು ಆಡುತ್ತಿದ್ದ ಗೇಮಿನಲ್ಲಿ ನಾಯಕ ಎತ್ತಿನಂಥ ಒಂದು ಪ್ರಾಣಿಯ ಮೇಲೆ ಕೂತು ಕಾಡು ದಾಟಬೇಕು. ಮುತ್ಯಾ ಚಲೋ ದಾಟುತ್ತಿದ್ದ.

ಒಂದು ದಿನ ಮ್ಯಾಡಮ್ ನೋಡುತ್ತ ಕೂತಾಗ, ಆಟ ಸುರುವಾದ ಕೂಡಲೇ ಮುತ್ಯಾ ಗುಂಡಿ ಒತ್ತಿ ನಾಯಕನನ್ನು ಕೆಳಗಿಳಿಸಿದ. ಪ್ರಾಣಿಯನ್ನು ಒಂದು ಗಿಡದ ಬುಡಕ್ಕೆ ಬಿಟ್ಟು, ನಾಯಕನನ್ನು ನಡೆಸಿಕೊಂಡು ಹೊರಟ.

"ಮುತ್ಯಾ, ಎತ್ತು ಅಲ್ಲೇ ಉಳೀತಲ್ಲ," ಅಂದೆ.

"ಇವತ್ತ ವಾರ ಯಾವುದು?"

"ಸೋಮವಾರ."

"ಗೊತ್ತಿದ್ದೂ ಕೇಳ್ತಿಯೇನ? ಸೋಮವಾರ ಎತ್ತಿನ ಕಡಿಂದ ಕೆಲಸಾ ಮಾಡಸ್ತಾರೇನಲೇ? ಬಸವಣ್ಣನ ವಾರ."

ನಮ್ಮ ಹೊಲಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಖರೆ. ಟಿವಿಯಲ್ಲಿಯೂ ಹೂಡಬಾರದೆಂದು ನನಗೆ ಹೊಳೆದಿರಲಿಲ್ಲ. ಮ್ಯಾಡಮ್ ಉಸಿರು ಬಿಗಿಹಿಡಿದು ಬರೆಯುತ್ತಿದ್ದರು. ಅಷ್ಟರಲ್ಲಿ ನಡೆಯುತ್ತ ಹೊರಟ ನಾಯಕ ಹತ್ತು ಹೆಜ್ಜೆಗೇ ತಗ್ಗಿನಲ್ಲಿ ಬಿದ್ದು ಸತ್ತ.

"ಪಾಪ, ಮುಗೀತಲ್ಲ ಅಜ್ಜಾ!" ಎಂದರು ಮ್ಯಾಡಮ್.

"ಸತ್ರ ಸಾಯ್ಲಿ ತಗೋರಿ. ಎತ್ತಿಗೊಂದು ರಜಾ ಸಿಕ್ಕಿತಲ್ಲ."

ಇದಕ್ಕೆ ಪುಣೆಯಿಂದ ಬಂದ ಉತ್ತರ ಮಾತ್ರ ಉದ್ದವಿತ್ತು. "ಒಬ್ಬ ಮುದುಕನ ರೂಢಿ ಊರಿನ ಸಂಸ್ಕೃತಿ ಆಗುವುದಿಲ್ಲ. ಎಲ್ಲರೂ ಕೂಡಿ ಪಾಲಿಸುವಂಥದ್ದು ಇದೆಯೋ ಇಲ್ಲವೋ, ಬರುವ ಗುರುವಾರ ನಾನೇ ಬಂದು ನೋಡುತ್ತೇನೆ. ಅಂದೇ ನಿರ್ಣಯ."

ನಿರ್ಣಯದ ದಿನ

ಬುಧವಾರ ನಾನು ಎಲ್ಲರನ್ನೂ ಕೂಡಿಸಿದೆ. "ನಾಳೆ ಸರ್ ಬರ್ತಾರ. ಸಂಸ್ಕೃತಿ ಕಾಣಬೇಕು. ಇಲ್ಲಂದ್ರ ಮ್ಯಾಡಮ್ ಕೈಗೆ ಉಳ್ಳಾಗಡ್ಡಿ."

ಅಷ್ಟು ಹೇಳಿದ್ದೇ ತಪ್ಪಾಯಿತು. ಗುರುವಾರ ಸರ್ ಬಂದಾಗ ಟಿವಿಗೆ ಕುಂಕುಮ, ಗೇಮಿನ ಡಬ್ಬಿಗೆ ಚೆಂಡುಹೂವಿನ ಮಾಲಿ. ಕಂಡಕ್ಟರ್ ರಜಾ ಹಾಕಿ ಬಂದು ಹಲಗಿ ಬಡಿಯುತ್ತಿದ್ದ. ಚಾಚಾ ರಿಮೋಟಿಗೆ ಹಸಿರು ಸ್ಯಾಟಿನ್ನಿನ ಗವಸು ಹೊಲಿದಿದ್ದ, ಅದರೊಳಗೆ ಗುಂಡಿ ಯಾವುದು ಎಲ್ಲಿದೆ ತಿಳಿಯುತ್ತಿರಲಿಲ್ಲ. ಬಾಗಿಲಲ್ಲಿ ಶೇಂಗಾ ಮಾರುವ ಆಯಿ ಆರತಿ ಎತ್ತಿದಳು. ಮುತ್ಯಾ ಒಬ್ಬನೇ ಸುಮ್ಮನೆ ಕೂತಿದ್ದ.

ಸರ್ ಬಿಳಿಗೂದಲಿನವರು, ಸಾವಧಾನದ ಮನುಷ್ಯ. ಎಲ್ಲ ನೋಡಿ, ಆರತಿಗೆ ಕೈ ಮುಗಿದು, ಮ್ಯಾಡಮ್ ಕಡೆ ತಿರುಗಿದರು. "ಮಾಲೆ ಇವತ್ತಿನದು. ಗವಸು ನಿನ್ನೆಯದು. ಇದು ನಾಟಕ, ಮಗಳೇ."

ಮ್ಯಾಡಮ್ ವಹಿ ಮುಚ್ಚಿದರು. ಹಲಗಿ ನಿಂತಿತು. ನನಗೆ ನೆಲ ಬಿರಿದು ಒಳಗೆ ಹೋಗಬೇಕೆನಿಸಿತು.

ಜತ್ತಿನ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಹೊರಗೆ ಉರಿಬಿಸಿಲು. "ಬಂದದ್ದಕ್ಕೆ ನಾನೂ ಒಂದು ಆಟ ಆಡಲೇ?" ಎಂದು ಸರ್ ಕೂತರು. ಗವಸು ತೆಗೆದು ರಿಮೋಟ್ ಕೊಟ್ಟೆ. ಎಣಿಸಿ ನಾಲ್ಕು ಹೆಜ್ಜೆ. ನಾಯಕ ಸತ್ತ.

ಮುತ್ಯಾ ಕೂತಲ್ಲಿಂದಲೇ ಎದುರಿನ ಚಹಾದ ಅಂಗಡಿಗೆ ಕೂಗಿದ: "ಸಾಹೇಬ್ರಿಗೆ ಒಂದು ಚಹಾ ತಾರೋ, ರೊಕ್ಕ ನಂದು."

ಚಹಾ ಬಂತು. ಸರ್ ಕುಡಿದರು, ಮತ್ತೆ ಆಡಿದರು, ಮತ್ತೆ ಸತ್ತರು. ಈಗ ಚಾಚಾ ಕೂಗಿದ: "ಒಂದು ನಂದು." ಮೂರನೇ ಸಾವಿಗೆ ಕಂಡಕ್ಟರ್, ನಾಲ್ಕನೆಯದಕ್ಕೆ ಆಯಿ. ಸರ್ ಗ್ಲಾಸಿಗೆ ಕೈ ಅಡ್ಡ ಹಿಡಿದರು. "ಸಾಕು, ನನಗೆ ಬೇಡ."

ಆಯಿ ಗದರಿದಳು. "ಸತ್ತ ಮನಿಯವರು ಚಹಾ ಬ್ಯಾಡ ಅನಬಾರದ್ರಿ. ಕುಡೀರಿ."

ಸರ್ ರಿಮೋಟ್ ಕೆಳಗಿಟ್ಟರು. "ಇದನ್ನು ಮಾಡಲು ಯಾರು ಹೇಳಿಕೊಟ್ಟರು?"

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. "ಹೇಳಿಕೊಡೂದೇನೈತ್ರಿ? ಸತ್ತ ಮನಿಯೊಳಗ ಒಲಿ ಹಚ್ಚೂದಿಲ್ಲ. ಬಾಜೂ ಮನಿಯವರ ಚಹಾ ತಂದು ಕುಡಸಬೇಕಲ್ಲ? ಇಲ್ಲಿ ಯಾರು ಸತ್ರೂ ಹಿಂಗ. ಅಂಗಡಿ ಸುರು ಮಾಡಿದಾಗಿಂದ."

"ನನಗೆ ಇದನ್ನು ಯಾಕೆ ಹೇಳಲಿಲ್ಲ ಭಾವು?" ಮ್ಯಾಡಮ್ ಮುಚ್ಚಿದ ವಹಿ ಮತ್ತೆ ತೆರೆದರು. ಅವರು ಸ್ವತಃ ಆಡಿದವರಲ್ಲ. ಬೇರೆಯವರಿಗೆ ಚಹಾ ಬಂದಾಗಲೆಲ್ಲ ಪ್ರಶ್ನೆ ಕೇಳುವುದರಲ್ಲಿ ಮುಳುಗಿರುತ್ತಿದ್ದರು.

"ಇದರಾಗ ಹೇಳೂದೇನೈತ್ರಿ ಮ್ಯಾಡಮ್? ಇದು ಸಂಸ್ಕೃತಿ ಅಲ್ಲಲ್ಲ, ಬರೀ ಚಹಾ."

ಸರ್ ಮೊದಲ ಸಲ ನಕ್ಕರು. "ಪುಣೆಯಲ್ಲಿ ಒಬ್ಬ ಸತ್ತರೆ ಮಗ್ಗುಲಿನವನು ರಿಮೋಟ್ ಕಸಿದುಕೊಳ್ಳುತ್ತಾನೆ," ಎಂದವರೇ ಮ್ಯಾಡಮ್ ವಹಿ ಈಸಿಕೊಂಡು ಮೊದಲ ಪುಟದ ಮೇಲೆ ಸಹಿ ಮಾಡಿದರು. "ವಿಷಯ ಮಂಜೂರು. ಇದೇ ಬರಿ, ಇದನ್ನೇ ಬರಿ." ಮ್ಯಾಡಮ್ ಅಳುತ್ತ ನಕ್ಕರು. ಕಂಡಕ್ಟರನ ಹಲಗಿ ಮತ್ತೆ ಸುರುವಾಯಿತು.

ಆ ಖುಷಿಯಲ್ಲಿ ಊರವರು ಸರ್ ಅವರನ್ನು ಬಿಡಬೇಕಲ್ಲ. "ಇನ್ನೊಂದು ಆಟ ಆಡ್ರಿ, ಚಹಾ ಕುಡಸೂ ನಮ್ಮ ಪಾಳಿ ಬಂದಿಲ್ಲ," ಎಂದು ಹೊರಗೆ ಸಾಲು ಹಚ್ಚಿದರು. ಸರ್ ಪಾಪ ಸತ್ತೇ ಸತ್ತರು. ಎಂಟನೇ ಗ್ಲಾಸು ಮುಗಿಯುವಾಗ ಅವರ ಹಣೆಯ ಮೇಲೆ ಬೆವರು, ಕಣ್ಣು ಅತ್ತಿತ್ತ ಮರೆ ಹುಡುಕುತ್ತಿತ್ತು. "ಇನ್ನು ಆಗುವುದಿಲ್ಲ!" ಎಂದು ಎದ್ದವರೇ ಬಗ್ಗಿ ಟಿವಿಯ ವೈರು ಕಿತ್ತುಬಿಟ್ಟರು.

ಚಾಚಾ ಎದೆಯ ಮೇಲೆ ಕೈ ಇಟ್ಟುಕೊಂಡ. "ಇನ್ನೂ ಒಂದು ಜೀವ ಇತ್ತಲ್ರಿ ಸಾಹೇಬ್ರ!"

ಆಯಿ ಮಾತ್ರ ಗಾಬರಿಯಾಗಲಿಲ್ಲ. ಸೆರಗು ಸರಿ ಮಾಡಿಕೊಂಡು ಚಹಾದ ಅಂಗಡಿಗೆ ಕೂಗಿದಳು:

"ಒಂದು ದೊಡ್ಡ ಗ್ಲಾಸಿನಾಗ ತಾರೋ, ಸಕ್ಕರಿ ಜಾಸ್ತಿ ಹಾಕು. ಇದು ಅಕಾಲ ಮರಣ!"